ಪ್ರಥಮಪುರುಷೈಕವಚನ ಸಕಾರಾಗಮ ಮೀಮಾಂಸೆ

ಇಂಗ್ಲಿಷಿನ ಕರ್ತೃಪದಕ್ಕೂ ಕ್ರಿಯಾಪದಕ್ಕೂ ಇರುವ ಅನ್ಯೋನ್ಯಾನ್ವಯಸಾಮರಸ್ಯದ ಕುರಿತು ಲೋಕದಲ್ಲಿ ವಿಪುಲ ಚಿಂತನೆ ನಡೆದಿದೆ. ಆದರೆ ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ಬಸ್ಸಿನಲ್ಲಿ ನೇತಾಡಿಕೊಂಡು ಯಾರೂ ಅದನ್ನು ಸಮಗ್ರವಾಗಿ ಅವಲೋಕಿಸಿದಂತಿಲ್ಲ. ಆ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಘನೋದ್ದೇಶ.

1. ಸಕಾರಸ್ವರೂಪ ನಿರೂಪಣೆ

ಹಿ, ಶಿ, ಇಟ್ ಎಂಬ ತ್ರಿಮೂರ್ತಿಗಳು ಬಂದರೆ ವರ್ತಮಾನಕಾಲದ ಕ್ರಿಯಾಪದಕ್ಕೆ ‘ಎಸ್’ ಎಂಬ ಬಾಲ ಹುಟ್ಟುತ್ತದೆ. ಇದು ನಾಗಾಂಶಸಂಭೂತವೆಂದು ನಮ್ಮ ಸಿದ್ಧಾಂತ. ಏಕೆಂದರೆ ಬುಸುಗುಡುತ್ತದೆ; ಹೊತ್ತುಹೊತ್ತಿಗೆ ತಂಬಿಲ ಕೊಡದಿದ್ದರೆ ಅಂಕಪಟ್ಟಿಯಲ್ಲಿ ದೋಷ ಕಾಣಿಸುತ್ತದೆ. ವಾಕ್ಯಕ್ಕೆ ‘ನಾಟ್’ ಹೊಕ್ಕಿತೋ, ‘ಗೋಸ್’ ಎಂಬ ಹುತ್ತ ಬಿಟ್ಟು ‘ಡಸ್’ ಎಂಬ ಹುತ್ತಕ್ಕೆ ಸರಿಯುತ್ತದೆ. ನಿನ್ನೆಯ ಮಾತೆತ್ತಿದರೆ ನಾಪತ್ತೆ: ಎಲ್ಲರಿಗೂ ‘ವೆಂಟ್’.

2. ದೋಷವರ್ಗೀಕರಣ

ಅ) ಲುಪ್ತಸಕಾರ: ಹಿ ಗೋ.
ಆ) ಅತಿಸಕಾರ: ದೇ ಗೋಸ್.
ಇ) ದ್ವಿಸಕಾರ: ಶಿ ಡಸ್ ನಾಟ್ ಗೋಸ್.
ಈ) ಭಯಸಕಾರ: ಬೆತ್ತ ಕಂಡಾಗ ತಾನಾಗಿ ಹೊರಡುವ ‘ಐ ಗೋಸ್’.

ಹನ್ನೆರಡು ಪ್ರಭೇದಗಳನ್ನು ಸೋದಾಹರಣವಾಗಿ ಹೇಳುವುದೆಂದಿತ್ತು. ನಾಲ್ಕಕ್ಕೇ ಸಾಕಾಯಿತು, ಬಿಡಿ.

3. ದೃಷ್ಟಾಂತ

ಐದನೇ ಕ್ಲಾಸಿನಲ್ಲಿ ನಾನು ಬರೆದೆ: ‘ಮೈ ಫಾದರ್ ಗೋ ಟು ಮೂಡುಬಿದಿರೆ.’ ಮಾಷ್ಟ್ರು ಅದನ್ನು ಗಟ್ಟಿಯಾಗಿ ಓದಿ ಕ್ಲಾಸನ್ನೆಲ್ಲ ನಗಿಸಿದರು. ನನ್ನನ್ನು ಬೆಂಚು ಹತ್ತಿಸಿದರು. ಅದೇ ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಅಂದು ಸಾವಿರದ ಒಂದನೆಯ ಕಂಬ ಸಿಕ್ಕಿತು.

ನನ್ನ ತಪ್ಪೇನು? ಮನೆಯ ತುಳುವಿನಲ್ಲಿ ಆಯೆ ಪೋಪೆ, ಆಳ್ ಪೋಪಳ್, ಅವು ಪೋಪುಂಡು. ಹಿರಿಯರಾದರೆ ಆರ್ ಪೋಪೆರ್. ಶಾಲೆಯ ಕನ್ನಡದಲ್ಲೂ ಅಪ್ಪ ಹೋಗುತ್ತಾನೆ ಅಲ್ಲ, ಹೋಗುತ್ತಾರೆ. ಇಂಗ್ಲಿಷಿನಲ್ಲಿ ಬಹುವಚನದ ಕ್ರಿಯಾಪದಕ್ಕೆ ಎಸ್ ಇಲ್ಲವೆಂದು ಕಲಿಸಿದವರು ಇದೇ ಮಾಷ್ಟ್ರು. ಅಪ್ಪನಿಗೆ ಬಹುವಚನ ಕೊಟ್ಟೆ, ಅಷ್ಟೇ. ಅವರು ಕೆಂಪು ಶಾಯಿಯಲ್ಲಿ ಒಂದು ಎಸ್ ಸಿಕ್ಕಿಸಿ ನನ್ನ ಅಪ್ಪನನ್ನು ಏಕವಚನಕ್ಕೆ ಇಳಿಸಿದರು. ‘ಮಾಷ್ಟ್ರು ಬಂದ’ ಅಂತ ನಾವು ಅಂದಿದ್ದರೆ ಬೆನ್ನಿನ ಚರ್ಮ ಉಳಿಯುತ್ತಿತ್ತೇ?

4. ಶಾಸ್ತ್ರಾಧಾರ

ಇಂಗ್ಲಿಷರ ಎಣಿಕೆಯಲ್ಲಿ ಮೂರನೆಯವನಾದ ‘ಅವನು’ ನಮ್ಮ ವ್ಯಾಕರಣದಲ್ಲಿ ಪ್ರಥಮಪುರುಷ. 1604ರಲ್ಲಿ ಭಟ್ಟಾಕಳಂಕ ಕನ್ನಡಕ್ಕೆ 592 ಸೂತ್ರ ಕಟ್ಟಿದ. ನಮ್ಮ ಮಾಷ್ಟ್ರಲ್ಲಿದ್ದದ್ದು ಒಂದು ಸೂತ್ರ, ಒಂದು ಬೆತ್ತ. ಕಾಸರಗೋಡು ದಾಟಿದರೆ ಮಲಯಾಳದಲ್ಲಿ ನಾನು, ಅವನು, ಅವಳು ಯಾರು ಹೋದರೂ ‘ಪೋಯಿ’. ಅಲ್ಲಿ ಲೋಕವೇನೂ ಮುಳುಗಿಲ್ಲ. ಬಾಸೆಲ್ ಮಿಶನ್ನಿನ ಬ್ರಿಗೆಲ್ ನಮ್ಮ ಬಾಲಗಳನ್ನೆಲ್ಲ ಕಲಿತು 1872ರಲ್ಲಿ ತುಳು ವ್ಯಾಕರಣ ಅಚ್ಚು ಹಾಕಿಸಿದರು. ಕಲಿಯುವಾಗ ಅವರ ನಾಲಗೆಯೂ ತಪ್ಪಿರಬೇಕು. ಅದಕ್ಕಾಗಿ ದೊರೆಯನ್ನು ಯಾರಾದರೂ ಬೆಂಚು ಹತ್ತಿಸಿದ್ದಾರೆಯೇ?

ನಾಲ್ಕು ಬಾಲಗಳನ್ನು ಯಾರೂ ಕಲಿಸದೆ ಕಲಿತ ಮಕ್ಕಳಿವರು. ಒಂದು ಎಸ್ ತಪ್ಪಿದ್ದಕ್ಕೆ ಅವರನ್ನು ದಡ್ಡರೆಂದು ಕರೆದಿರಿ. ಆ ಬೆಂಚಿನಿಂದ ಇಳಿದ ಎಷ್ಟೋ ಮಂದಿ ಮತ್ತೆ ಬಾಯಿ ತೆರೆಯಲೇ ಇಲ್ಲ.

5. ಉಪಸಂಹಾರ

ಈಗ ನನಗೆ ಎಸ್ ತಪ್ಪುವುದಿಲ್ಲ. ಅಪ್ಪನ ವಿಷಯದಲ್ಲಂತೂ ಅದರ ಅಗತ್ಯವೇ ಬೀಳುವುದಿಲ್ಲ; ಇಂಗ್ಲಿಷಿನಲ್ಲಿ ಬರೆದರೆ ಎಲ್ಲ ‘ವೆಂಟ್’, ಎಲ್ಲ ‘ಸೆಡ್’. ಕನ್ನಡದಲ್ಲಿ ಕೇಳಿದವರಿಗೆ ಮಾತ್ರ, ಅಪ್ಪ ಹೋದರು ಎನ್ನುತ್ತೇನೆ.