ಬದುಕು ವಾಪಸು ಪಡೆಯುವ ವಿಧಾನ

(ಅರ್ಜಿದಾರರು ಕೆಳಗಿನ ಸೂಚನೆಗಳನ್ನು ಪೂರ್ತಿ ಓದಿಕೊಂಡ ಮೇಲೆಯೇ ಏಟು ತಿನ್ನತಕ್ಕದ್ದು.)

1. ಅರ್ಹತೆ: ವಾರಾಂತ್ಯಕ್ಕೆ ತಮಿಳುನಾಡಿನ ಏರ್ಕಾಡು ಬೆಟ್ಟದ ಕಾಫಿ ತೋಟದ ಬಂಗಲೆಗೆ ಬರುವವರು ಅರ್ಹರಲ್ಲ. ಆ ಬೆಟ್ಟದಲ್ಲೇ ಹುಟ್ಟಿ ಬೆಳೆದ ಮಲಯಾಳಿ ಬುಡಕಟ್ಟಿನವರು (ಇವರು ಕೇರಳದವರಲ್ಲ) ಅರ್ಹರು. ಧರ್ಮಪುರಿ ಜಿಲ್ಲೆಯ ಹರೂರು ಬಳಿ, ಸಿತ್ತೇರಿ ಬೆಟ್ಟದ ತಪ್ಪಲಿನಲ್ಲಿರುವ ವಾಚಾತಿಯ ಇದೇ ಬುಡಕಟ್ಟಿನವರಿಗೆ ಆದ್ಯತೆ. ಶ್ರೀಗಂಧ ಕದ್ದಿರಲೇಬೇಕೆಂಬ ನಿಯಮವಿಲ್ಲ. ಕದ್ದಿರಬಹುದೆಂಬ ಅನುಮಾನವೊಂದಿದ್ದರೆ ಸಾಕು.

2. ಸಿಬ್ಬಂದಿ: ಇಲಾಖೆಗಳ ನಡುವೆ ಸಮನ್ವಯವಿಲ್ಲವೆಂದು ದೂರುವವರು 1992ರ ಜೂನ್ 20ನ್ನು ನೆನಪಿಸಿಕೊಳ್ಳಿ. ಆಮೇಲೆ ಆರೋಪಿಗಳಾದವರ ಪಟ್ಟಿಯ ಪ್ರಕಾರ ಅರಣ್ಯ ಇಲಾಖೆಯ 155, ಪೊಲೀಸ್ ಇಲಾಖೆಯ 108, ಕಂದಾಯ ಇಲಾಖೆಯ 6, ಒಟ್ಟು 269 ಮಂದಿ ವಾಚಾತಿಯೆಂಬ ಒಂದೇ ಹಳ್ಳಿಗೆ ನುಗ್ಗಿದರು. ಊರಿನವರನ್ನು ಹೊಡೆದರು, ಮನೆಗಳನ್ನು ಕೆಡವಿದರು, 18 ಹೆಂಗಸರ ಮೇಲೆ ಅತ್ಯಾಚಾರ ನಡೆಸಿದರು. ಹೆಂಗಸರು, ಮಕ್ಕಳು ಸೇರಿ ನೂರಕ್ಕೂ ಹೆಚ್ಚು ಜನರನ್ನು ಬಂಧಿಸಿ ಒಯ್ದರು.

3. ನಷ್ಟದ ವಿವರ: ಮೈಮೇಲಿನ ಗಾಯಕ್ಕೆ ಫಾರಂನಲ್ಲಿ ಕಾಲಂ ಇದೆ. ಬಾಕಿಯದನ್ನು ಹಾಳೆಯ ಹಿಂಬದಿಯಲ್ಲಿ ಬರೆಯಿರಿ. ಕೊಯ್ದು ತಿಂದ ಆಡು, ಕೋಳಿ. ಚೆಲ್ಲಿ ಹಾಳುಮಾಡಿದ ದವಸ. ಕುಡಿಯಲು ಬಾರದಂತೆ ಕೆಡಿಸಿದ ಬಾವಿ. ದಾಖಲೆ ಲಗತ್ತಿಸುವುದು ಕಡ್ಡಾಯ. ದಾಖಲೆ ಇಟ್ಟಿದ್ದ ಮನೆಯೇ ಹೋಗಿದ್ದಲ್ಲಿ, ಮನೆ ಹೋಗಿದೆ ಎಂಬುದಕ್ಕೆ ದಾಖಲೆ ಲಗತ್ತಿಸಿ.

4. ದೂರು: ಹತ್ತಿರದ ಠಾಣೆಯಲ್ಲಿ ಕೊಡಿ. ಹೊಡೆದವರು ಅದೇ ಇಲಾಖೆಯವರಾದರೆ ಸಂಕೋಚ ಬೇಡ, ನಿಮ್ಮ ವಿಳಾಸ ಅವರಿಗೆ ಮೊದಲೇ ಗೊತ್ತು. ಸರ್ಕಾರ ಏನೂ ನಡೆದಿಲ್ಲ ಎಂದರೆ ಗಾಬರಿಯಾಗಬೇಡಿ, ಅದು ಈ ಪ್ರಕ್ರಿಯೆಯ ಮೊದಲ ಹಂತ. ವಾಚಾತಿಯವರ ಜೊತೆ ಬುಡಕಟ್ಟು ಸಂಘದವರು ನಿಂತರು. ಸಿಪಿಎಂ ನಾಯಕ ಎ. ನಲ್ಲಶಿವನ್ ಕೋರ್ಟಿನ ಮೆಟ್ಟಿಲೇರಿದರು. ಮದ್ರಾಸ್ ಹೈಕೋರ್ಟ್ 1995ರಲ್ಲಿ ಸಿಬಿಐ ತನಿಖೆಗೆ ಆದೇಶಿಸಿತು. ಇಂಥವರು ನಿಮಗೆ ಸಿಗದಿದ್ದರೆ ಮುಂದಿನ ಸೂಚನೆಗಳನ್ನು ಓದುವ ಅಗತ್ಯವಿಲ್ಲ.

5. ಕಾಯುವ ಅವಧಿ: ಧರ್ಮಪುರಿಯ ನ್ಯಾಯಾಲಯ 2011ರ ಸೆಪ್ಟೆಂಬರ್ 29ರಂದು ತೀರ್ಪಿತ್ತಿತು. ಬದುಕುಳಿದಿದ್ದ 215 ಆರೋಪಿಗಳೂ ಅಪರಾಧಿಗಳೆಂದಾಯಿತು. ಅವರಲ್ಲಿ 17 ಮಂದಿಯ ವಿರುದ್ಧ ಅತ್ಯಾಚಾರದ ಆರೋಪವೂ ಸಾಬೀತಾಯಿತು. ಉಳಿದ 54 ಮಂದಿ ಅಷ್ಟರೊಳಗೆ ಸತ್ತುಹೋಗಿ ಕೋರ್ಟಿನ ಕೈಗೆ ಸಿಗಲಿಲ್ಲ. ಮೇಲ್ಮನವಿ ತೀರಲು ಇನ್ನೂ ಹನ್ನೆರಡು ವರ್ಷ. ಹೈಕೋರ್ಟಿನ ನ್ಯಾಯಮೂರ್ತಿ ಪಿ. ವೇಲ್ಮುರುಗನ್ ತಾವೇ ಊರಿಗೆ ಹೋಗಿ ನೋಡಿಬಂದು, 2023ರ ಸೆಪ್ಟೆಂಬರ್ 29ರಂದು ಶಿಕ್ಷೆಯನ್ನು ಎತ್ತಿಹಿಡಿದರು. ಅಲ್ಲಿಯವರೆಗೆ ಸಾಕ್ಷಿ ಹೇಳಲು ಹೋದ ದಿನದ ಕೂಲಿಯನ್ನು ಅರ್ಜಿದಾರರೇ ಭರಿಸತಕ್ಕದ್ದು.

6. ಪರಿಹಾರ: ಅತ್ಯಾಚಾರಕ್ಕೊಳಗಾದ ಪ್ರತಿಯೊಬ್ಬರಿಗೂ 10 ಲಕ್ಷ ರೂಪಾಯಿ, ಅದರಲ್ಲಿ ಅರ್ಧ ಅಪರಾಧಿಗಳಿಂದಲೇ ವಸೂಲಿ, ಜೊತೆಗೆ ಅವರಿಗೋ ಮನೆಯವರಿಗೋ ಕೆಲಸ, ಇಲ್ಲವೆ ಸ್ವಂತ ಉದ್ಯೋಗಕ್ಕೆ ನೆರವು ಎಂದು ಹೈಕೋರ್ಟ್ ಹೇಳಿತು. ಒಳ್ಳೆಯ ಆದೇಶ. ಆ ಹತ್ತು ಲಕ್ಷವನ್ನು ದಾಳಿಗೂ ಈ ಆದೇಶಕ್ಕೂ ನಡುವಿನ 375 ತಿಂಗಳಿಗೆ ಹಂಚಿದರೆ ತಿಂಗಳಿಗೆ 2,700 ರೂಪಾಯಿಯೂ ಬೀಳುವುದಿಲ್ಲ. ಅಂದು ಇಪ್ಪತ್ತರ ಹುಡುಗಿಗೆ ಕೆಲಸ ಕೊಡಿರೆಂಬ ಆದೇಶ ಬಂದಾಗ ಐವತ್ತು ದಾಟಿತ್ತು.

7. ಕನ್ನಡ ಬಲ್ಲ ಅರ್ಜಿದಾರರಿಗೆ: ನಿಮ್ಮನ್ನು ಕೈಬಿಟ್ಟಿಲ್ಲ. ಕಾಡುಗಳ್ಳ ವೀರಪ್ಪನ್ ಬೇಟೆಯ ಹೆಸರಿನಲ್ಲಿ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಕಾರ್ಯಪಡೆ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನವರಿಗೆ ಕೊಟ್ಟ ಹಿಂಸೆಯ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಕೊಡಿರೆಂದು ಶಿಫಾರಸು ಮಾಡಿತು. ತಲೆಗೆ ಮೂರು ಲಕ್ಷ ಚಿಲ್ಲರೆ. ಏಟಿನಿಂದ ಕೆಟ್ಟ ಸೊಂಟ ಕೂಲಿಗೆ ಬಗ್ಗದೆ ಹೋದ ವರ್ಷಗಳನ್ನು ಈ ಚಿಲ್ಲರೆಯಲ್ಲಿ ಸರಿಹೊಂದಿಸಿಕೊಳ್ಳಿ.

8. ಕಚೇರಿ ಉಪಯೋಗಕ್ಕೆ ಮಾತ್ರ: ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರದು, ಅದರ ನಿಯಮಗಳು 1995ರವು. ಈಗಿರುವ ನಿಯಮದಂತೆ ಜಿಲ್ಲಾಡಳಿತ ಏಳು ದಿನದೊಳಗೆ ನಗದಾಗಿಯೋ ವಸ್ತುವಾಗಿಯೋ ನೆರವು ಕೊಡಬೇಕು. ಯಾರು ತಪ್ಪಿತಸ್ಥರೆಂದು ಕೋರ್ಟ್ ತೀರ್ಮಾನಿಸಲಿ, ಅದಕ್ಕೆ ಹೊತ್ತು ಹಿಡಿಯುತ್ತದೆ. ಆದರೆ ಬಾವಿ ಚೊಕ್ಕಟ ಮಾಡಿಸಲು, ಒಂದು ಮೂಟೆ ಅಕ್ಕಿ ಇಳಿಸಲು, ಎರಡು ಆಡು ಕೊಡಿಸಲು ತೀರ್ಪು ಬೇಕಾಗಿಲ್ಲ. ತಹಸೀಲ್ದಾರರ ಸಹಿ ಸಾಕು. 269 ಮಂದಿಯನ್ನು ಒಂದೇ ಊರಿಗೆ ಕಳಿಸಬಲ್ಲ ಸರ್ಕಾರಕ್ಕೆ ಒಂದು ಲಾರಿ ಕಳಿಸುವುದು ಕಷ್ಟವೇನಲ್ಲ. ದಾರಿ ಗೊತ್ತೇ ಇದೆ.