ಬೆನ್ನು ಹಿಡಿದು ನೋಡಿದ ಪತ್ರ

ಇಂದ: ಒಬ್ಬ ಆಜೀವ ಸದಸ್ಯ, ಬನ್ನೂರು, ತಿರುಮಕೂಡಲು ನರಸೀಪುರ ತಾಲ್ಲೂಕು, ಮೈಸೂರು ಜಿಲ್ಲೆ
ಗೆ: ನಾಡೋಜ ಡಾ. ಮಹೇಶ ಜೋಶಿ, ಅಧ್ಯಕ್ಷರು, ಕನ್ನಡ ಸಾಹಿತ್ಯ ಪರಿಷತ್ತು, ಚಾಮರಾಜಪೇಟೆ, ಬೆಂಗಳೂರು
ವಿಷಯ: ಕುರ್ಚಿಯ ಕುರಿತು

ಮಾನ್ಯ ಅಧ್ಯಕ್ಷರೇ,

ಈ ಪತ್ರ ತಡವಾಯಿತು. ತಪ್ಪು ನನ್ನದಲ್ಲ, ಲಕೋಟೆಯದು. ಮೊದಲ ಲಕೋಟೆಯ ಮೇಲೆ ನಿಮ್ಮ ಹೆಸರಿನ ಕೆಳಗೆ ‘ಸಚಿವ ದರ್ಜೆ’ ಎಂದು ದುಂಡಗೆ ಬರೆದಿದ್ದೆ. ಡಬ್ಬಿಗೆ ಹಾಕುವಷ್ಟರಲ್ಲಿ, 2025ರಲ್ಲಿ, ಸರ್ಕಾರ ಆ ದರ್ಜೆಯನ್ನು ವಾಪಸು ತೆಗೆದುಕೊಂಡಿತು. ಎರಡನೆಯದರ ಮೇಲೆ ಬರೀ ‘ಅಧ್ಯಕ್ಷರು’ ಎಂದು ಬರೆದೆ. ಅಂಟು ಒಣಗುವ ಮೊದಲೇ ಪರಿಷತ್ತಿಗೆ ಆಡಳಿತಾಧಿಕಾರಿಯನ್ನು ನೇಮಿಸಿದ ಸುದ್ದಿ ಬಂತು. ಮೂರನೆಯ ಲಕೋಟೆ ಕೇಳಿದಾಗ ಅಂಗಡಿಯವ, “ಸಾ, ಕಾರ್ಡಲ್ಲೇ ಬರ್ದ್‌ಬುಡಿ, ಎಲ್ರೂ ಓದ್ಕೊಳ್ಳಿ” ಅಂದ. ಹಾಗಾಗಿ ಇದು ಬಹಿರಂಗ ಪತ್ರ.

ನಮ್ಮೂರು ಮೈಸೂರಿನಿಂದ ಮಳವಳ್ಳಿ ಕಡೆ ಹೊರಟರೆ ಸಿಗುತ್ತದೆ. ಸೋಮನಾಥಪುರದ ಗುಡಿ ನೋಡಲು ಹೊರಟವರು ನಮ್ಮಲ್ಲಿ ಕಾಫಿ ಕುಡಿದು ಮುಂದೆ ಹೋಗುತ್ತಾರೆ. ನಿಲ್ಲುವವರು ಕಡಿಮೆ. ಆದರೂ ನಾಡಿಗೆ ನಮ್ಮ ಕೊಡುಗೆ ಎರಡಿದೆ. ಒಂದು ಬನ್ನೂರು ಕುರಿ, ಇನ್ನೊಂದು ವ್ಯಾಸರಾಯರ ಜನ್ಮ. ಮೊದಲನೆಯದನ್ನು ಜನ ಉಂಡು ನೆನೆಯುತ್ತಾರೆ, ಎರಡನೆಯವರನ್ನು ಕೈಮುಗಿದು ಮರೆಯುತ್ತಾರೆ. ನಿಮಗೆ ಎರಡೂ ಬೇಕಾಗಬಹುದು ಎಂದು ಬರೆಯುತ್ತಿದ್ದೇನೆ.

ಕುರಿಯಿಂದ ಶುರು ಮಾಡುತ್ತೇನೆ. ಗಿಡ್ಡ ಕಾಲು, ಗುಂಡು ಮೈ, ನೋಡಲು ಏನೂ ಭಾರಿ ಅಲ್ಲ. ನಾವು ಇದನ್ನು ಬನ್ನೂರು ಕುರಿ ಅನ್ನುತ್ತೇವೆ. ಮಳವಳ್ಳಿ ತಾಲ್ಲೂಕಿನ ಬಂಡೂರಿನವರು ಬಂಡೂರು ಕುರಿ ಅನ್ನುತ್ತಾರೆ. ಪಶುಸಂಗೋಪನೆಯ ಪುಸ್ತಕಗಳು ಮಂಡ್ಯ ಕುರಿ ಅನ್ನುತ್ತವೆ. ಮೂರು ಬಿರುದು ಇದ್ದರೂ ಅದು ತನ್ನ ಹೆಸರಿನ ಹಿಂದೆ ಒಂದನ್ನೂ ಹಾಕಿಕೊಳ್ಳುವುದಿಲ್ಲ, ಮೇಯುತ್ತಿರುತ್ತದೆ.

ಸಂತೆಯಲ್ಲಿ ಅದನ್ನು ಕೊಳ್ಳುವ ರೀತಿಯನ್ನು ನೀವು ಒಮ್ಮೆ ನೋಡಬೇಕು. ದಲ್ಲಾಳಿ ತಕ್ಕಡಿ ತರುವುದಿಲ್ಲ. ಕುರಿಯ ಬೆನ್ನ ಮೇಲೆ ಅಂಗೈ ಇಟ್ಟು, ಬೆನ್ನುಮೂಳೆಯ ಎರಡೂ ಕಡೆ ಬೆರಳು ಊರಿ, ಸೊಂಟದ ತನಕ ಎಳೆದು ನಿಲ್ಲಿಸುತ್ತಾನೆ. ಅಷ್ಟೆ. ಎಷ್ಟು ಮಾಂಸ, ಎಷ್ಟು ಮೂಳೆ, ಎಲ್ಲ ಅವನ ಬೆರಳಿಗೆ ಗೊತ್ತಾಗುತ್ತದೆ. ಕೆಲವರು ಬೆಳಗ್ಗೆ ಕುರಿಗೆ ಉಪ್ಪು ನೆಕ್ಕಿಸಿ, ಹೊಟ್ಟೆ ತುಂಬ ನೀರು ಕುಡಿಸಿ ತಂದಿರುತ್ತಾರೆ. ಹೊಟ್ಟೆ ತಮಟೆಯ ಹಾಗೆ ಉಬ್ಬಿರುತ್ತದೆ. ದಲ್ಲಾಳಿ ಹೊಟ್ಟೆಯ ಕಡೆ ಕಣ್ಣೂ ಹಾಯಿಸುವುದಿಲ್ಲ. “ನೀರು ಮಧ್ಯಾಹ್ನಕ್ಕೆ ಇಳೀತದೆ ಕಣ್ಲಾ, ಬೆನ್ನು ತೋರ್ಸು” ಅನ್ನುತ್ತಾನೆ. ವ್ಯಾಪಾರ ಕುದುರಿದ ಮೇಲೆ ಮಾರಿದವನು ಕುರಿ ಕೊಡುತ್ತಾನೆ, ಕೊರಳ ಹಗ್ಗ ಮಾತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೋಗುತ್ತಾನೆ. ಹಗ್ಗ ಕೊಡುವ ಪದ್ಧತಿ ನಮ್ಮಲ್ಲಿಲ್ಲ.

ಅಮೆರಿಕದವರಿಗೆ ಈ ವಿದ್ಯೆ ಬಾರದು. ಅಧ್ಯಕ್ಷರ ಬೆನ್ನು ನೋಡಲು ಅವರು ಗ್ಯಾಲಪ್ ಎಂಬ ಸಂಸ್ಥೆ ಇಟ್ಟುಕೊಂಡಿದ್ದರು. ಅದು ಜನರನ್ನು ಕೇಳಿ ನೂರಕ್ಕೆ ಇಷ್ಟು ಎಂದು ಹೇಳುತ್ತಿತ್ತು. ಜಾರ್ಜ್ ಬುಷ್ 2001ರ ಸೆಪ್ಟೆಂಬರ್‌ನಲ್ಲಿ 90 ಇದ್ದವರು 2008ರ ಹೊತ್ತಿಗೆ 25ಕ್ಕೆ ಇಳಿದರು. ಡೊನಾಲ್ಡ್ ಟ್ರಂಪ್ 2025ರ ಜನವರಿಯಲ್ಲಿ 47ರಿಂದ ಎರಡನೆಯ ಸುತ್ತು ಶುರು ಮಾಡಿ, ಬೆಳಗ್ಗೆ ಸುಂಕ ಹಾಕಿ ಸಂಜೆ ತಡೆದು, ಮತ್ತೆ ಹಾಕಿ, ನವೆಂಬರ್‌ಗೆ 36 ಮುಟ್ಟಿದರು. ಕನ್ನಡ ಸಾಹಿತ್ಯ ಪರಿಷತ್ತಿಗೆ ಗ್ಯಾಲಪ್ ಇಲ್ಲ. ಆದ್ದರಿಂದ ನಮ್ಮ ಸಂತೆಯ ಕೈಯಿಂದಲೇ ನೋಡಬೇಕಾಗಿದೆ. ಕಚಗುಳಿಯಾದರೆ ಕ್ಷಮಿಸಿ.

2021ರ ನವೆಂಬರ್‌ನಲ್ಲಿ ನಿಮ್ಮ ಬೆನ್ನು ಭರ್ಜರಿಯಾಗಿತ್ತು. ಸುಳ್ಳು ಯಾಕೆ ಹೇಳಲಿ? ದೂರದರ್ಶನದ ಚಂದನ ವಾಹಿನಿಯಿಂದ ಮನೆಮನೆಗೂ ಗೊತ್ತಿದ್ದ ಹೆಸರು. ಪ್ರತಿಸ್ಪರ್ಧಿಗಳು ಲೆಕ್ಕಕ್ಕೇ ಸಿಗದಂಥ ಅಂತರದಿಂದ ಗೆದ್ದಿರಿ. ಮೂರು ವರ್ಷವಿದ್ದ ಅಧ್ಯಕ್ಷಗಿರಿಯನ್ನು ಐದು ವರ್ಷಕ್ಕೆ ಎಳೆದದ್ದು ನೀವಲ್ಲ, ನಿಮ್ಮ ಹಿಂದಿನ ಮನು ಬಳಿಗಾರ್ ಅವರ ಕಾಲದ ತಿದ್ದುಪಡಿ. ಹಾಸಿದ ಹಾಸಿಗೆ ನಿಮಗೆ ಸಿಕ್ಕಿತು. ಮಲಗುವವರು ಯಾರಾದರೂ ಅಳತೆ ಕೇಳುತ್ತಾರೆಯೇ?

ಆಮೇಲೆ ಉಪ್ಪು ನೀರಿನ ಕೆಲಸ ಶುರುವಾಯಿತು. ಒಂದು ಕೋಟಿ ಸದಸ್ಯರನ್ನು ಮಾಡುತ್ತೇವೆ ಎಂದಿರಿ. ಆಗ ಇದ್ದವರು ಮೂರು ಲಕ್ಷ ಚಿಲ್ಲರೆ. ಒಂದು ಕೋಟಿ ಎಂದರೆ ಬನ್ನೂರಿನ ಕುರಿಗಳೂ ಅರ್ಜಿ ಹಾಕಬೇಕಾಗುತ್ತದೆ ಎಂದು ನಾವು ತಮಾಷೆ ಮಾಡಿದೆವು. ನಂತರ ಸಚಿವ ದರ್ಜೆ ಬಂತು. ಹೊಟ್ಟೆ ಚೆನ್ನಾಗಿಯೇ ಕಂಡಿತು. ಆದರೆ 1915ರಲ್ಲಿ ಈ ಪರಿಷತ್ತಿನ ಮೊದಲ ಅಧ್ಯಕ್ಷರಾದ ಎಚ್.ವಿ. ನಂಜುಂಡಯ್ಯನವರ ಆ ಕುರ್ಚಿಗೆ ಯಾವ ದರ್ಜೆ ಇತ್ತು ಎಂದು ಯಾರೂ ಕೇಳಿದ್ದಿಲ್ಲ. ಜಿ. ವೆಂಕಟಸುಬ್ಬಯ್ಯನವರು ಅಧ್ಯಕ್ಷರಾಗಿದ್ದರು ಎನ್ನುವುದೇ ಅನೇಕರಿಗೆ ನೆನಪಿಲ್ಲ. ಪರಿಷತ್ತಿನ ನಿಘಂಟಿನ ಎಂಟು ಸಂಪುಟ ನೆನಪಿದೆ. ಅದಕ್ಕೇ ದಲ್ಲಾಳಿ ಬೆನ್ನು ಕೇಳುವುದು.

ಇನ್ನು ನಡಿಗೆ. ನಮ್ಮ ಹಿಂಡಿನಲ್ಲಿ ಮುಂದಿನ ಟಗರಿಗೆ ಗಂಟೆ ಕಟ್ಟುತ್ತೇವೆ. ಅದು ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟು ಥಟ್ಟನೆ ಬಲಕ್ಕೆ ತಿರುಗಿದರೆ ಹಿಂದಿನ ಇನ್ನೂರು ಕುರಿ ಒಂದರ ಮೇಲೊಂದು ಬೀಳುತ್ತವೆ. 2023ರ ಜನವರಿಯಲ್ಲಿ ಹಾವೇರಿಯ 86ನೆಯ ಸಾಹಿತ್ಯ ಸಮ್ಮೇಳನ ನೆನಪಿಸಿಕೊಳ್ಳಿ. ಕನಕದಾಸರ ಜಿಲ್ಲೆ, ಶರೀಫಜ್ಜನ ಜಿಲ್ಲೆ. ಅಲ್ಲೇ ಮುಸ್ಲಿಂ ಲೇಖಕರಿಗೆ ಜಾಗ ಕೊಟ್ಟಿಲ್ಲವೆಂಬ ಕೂಗೆದ್ದು, ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಜನ ಸಾಹಿತ್ಯ ಸಮ್ಮೇಳನ ಬೇರೆಯೇ ನಡೆಯಿತು. ಮುಂದೆ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು, 88ನೆಯ ಸಮ್ಮೇಳನದ ಅಧ್ಯಕ್ಷತೆಗೆ ಅವರನ್ನೇ ಆರಿಸಿದಿರಿ. ನಾವು ಚಪ್ಪಾಳೆ ತಟ್ಟಿದೆವು. ಗಂಟೆ ಈಗ ಯಾವ ಕಡೆ ತಿರುಗಿತು ಎಂದು ತಿಳಿಯದೆ, ತಟ್ಟುತ್ತಾ ತಟ್ಟುತ್ತಾ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಹಾವೇರಿಯಲ್ಲಿ ಮಂಡ್ಯ ಎಂದು ಘೋಷಣೆಯಾದ ಮುಂದಿನ ಸಮ್ಮೇಳನ ನಡೆದದ್ದು ಹೆಚ್ಚುಕಮ್ಮಿ ಎರಡು ವರ್ಷದ ಮೇಲೆ, 2024ರ ಡಿಸೆಂಬರ್ 20ರಿಂದ 22ರ ತನಕ. ಅದಕ್ಕೆ ಮುಂಚೆ ಒಂದು ಗಾಳಿಪಟ ಹಾರಿತು: ಸಮ್ಮೇಳನಕ್ಕೆ ಸಾಹಿತಿಯೇ ಅಧ್ಯಕ್ಷರಾಗಬೇಕೇ, ಬೇರೆ ಕ್ಷೇತ್ರದವರು ಆಗಬಾರದೇ? 1974ರಲ್ಲಿ ಜಯದೇವಿತಾಯಿ ಲಿಗಾಡೆ, 1994ರಲ್ಲಿ ಚದುರಂಗ ಕೂತ ಮಂಡ್ಯದ ವೇದಿಕೆ ಅದು. ಸಾಹಿತಿಗಳು ಬೀದಿಗೆ ಬಂದರು. ಗಾಳಿಪಟ ಇಳಿಯಿತು. ಗೊ.ರು. ಚನ್ನಬಸಪ್ಪನವರ ಹೆಸರು ಬಂತು, ಎಲ್ಲರೂ ಸಮಾಧಾನದ ಉಸಿರು ಬಿಟ್ಟರು. ಒಳ್ಳೆಯ ಆಯ್ಕೆ. ಆದರೆ ನೇರವಾಗಿ ಹೋಗಬಹುದಾಗಿದ್ದ ಊರಿಗೆ ಸುತ್ತಿ ಬಳಸಿ, ಟಿಕೆಟ್ಟಿಗೆ ಡಬಲ್ ಕೊಟ್ಟು, ಬಸ್ಸಿನಲ್ಲಿ ಜಗಳವಾಡಿ ಹೋದ ಹಾಗಾಯಿತು.

ಈಗ ನಮ್ಮ ಕರುಳಿಗೆ ಹತ್ತಿರದ ವಿಷಯ. ಆ ಸಮ್ಮೇಳನದ ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕು, ಮಾಂಸಾಹಾರ ನಿಷೇಧ ಎಂದಿತ್ತು. ಸ್ವಾಮಿ, ಮೂರನ್ನೂ ಒಂದೇ ಸಾಲಿನಲ್ಲಿ! ನಮ್ಮಜ್ಜಿ ಹಬ್ಬಕ್ಕೆ ಕುದಿಸಿದ ಬಾಡಿನೆಸರು ಬ್ರಾಂದಿ ಬಾಟಲಿಯ ಪಕ್ಕ ಆರೋಪಿಯಾಗಿ ನಿಂತಿತು. ಆ ಸಾಲು ಬರೆದವರ ಕೈ ಯಾರದೋ ಕಾಣೆ, ಬೈಗುಳವೆಲ್ಲ ನಿಮ್ಮ ಕುರ್ಚಿಯ ಲೆಕ್ಕಕ್ಕೇ ಜಮೆಯಾಯಿತು. ಕುರ್ಚಿ ದೊಡ್ಡದು ಮಾಡಿಕೊಂಡವರಿಗೆ ಅದೊಂದು ಕಷ್ಟ. ಮಂಡ್ಯದವರು ಸುಮ್ಮನಿರುತ್ತಾರೆಯೇ? ಮನೆಗೊಂದು ಕೋಳಿ, ಊರಿಗೊಂದು ಕುರಿ ಎಂದು ಚಳವಳಿಯನ್ನೇ ಹೂಡಿದರು. ನಮ್ಮೂರ ಹಟ್ಟಿಗಳಲ್ಲಿ ಕುರಿಗಳು ಆ ವಾರ ಕೊಂಚ ಗಾಬರಿಯಲ್ಲಿದ್ದವು ಎಂದರೆ ನಂಬಿ. ಅವು ಸಾಹಿತ್ಯದ ಪರವೋ ಪರಿಷತ್ತಿನ ಪರವೋ ಎಂದು ಮೊದಲ ಬಾರಿಗೆ ಯೋಚಿಸಬೇಕಾಗಿ ಬಂತು. ಕೊನೆಗೆ ಸಮ್ಮೇಳನದ ಊಟಕ್ಕೆ ಮೊಟ್ಟೆ ಬಂತು. ಬೇಡ ಎನ್ನಲು ಧೈರ್ಯವಿಲ್ಲದೆ, ಹೂಂ ಎನ್ನಲು ಮನಸ್ಸಿಲ್ಲದೆ ಕುರಿಗೂ ಸೊಪ್ಪಿಗೂ ನಡುವೆ ಮೊಟ್ಟೆ ಇಟ್ಟ ಆ ರಾಜಿಸೂತ್ರವನ್ನು ಪರಿಷತ್ತಿನ ಇತಿಹಾಸದಲ್ಲಿ ದಾಖಲಿಸಬೇಕು.

ಅಲ್ಲಿಂದಾಚೆ ಬೆನ್ನು ಇಳಿದದ್ದು ಕುರುಡನ ಕೈಗೂ ಗೊತ್ತಾಗುತ್ತದೆ. ಸಮ್ಮೇಳನ ನಡೆಸಿದ ಮಂಡ್ಯದಲ್ಲೇ 2025ರ ಮೇ ತಿಂಗಳಲ್ಲಿ ಸಾಹಿತಿಗಳು, ಸಂಘಟನೆಗಳವರು ನಿಮ್ಮ ‘ಸರ್ವಾಧಿಕಾರ’ದ ವಿರುದ್ಧ ಸಮಾವೇಶ ಸೇರಿದರು. ಉಂಡ ಮನೆಯಲ್ಲೇ ಎಲೆ ಎತ್ತುವ ಮೊದಲು ಲೆಕ್ಕ ಕೇಳಿದ ಹಾಗೆ. ಬೈಲಾ ತಿದ್ದುಪಡಿಗೆಂದು ಸಂಡೂರಿನಲ್ಲಿ ಸಭೆ ಕರೆದದ್ದೇ ತಡ, ಅದರ ಸುತ್ತಲೂ ಗಲಾಟೆ ಎದ್ದಿತು. ಬೈಲಾ ಎಂದರೆ ಮನೆಯ ಅಡಿಪಾಯವಲ್ಲವೇ? ಒಳಗೆ ಜನ ಮಲಗಿರುವಾಗಲೇ ಮತ್ತೆ ಮತ್ತೆ ಹಾರೆ ಹಾಕಿದರೆ, ಹೊಸ ಕೋಣೆ ಕಟ್ಟಲಿಕ್ಕೆ ಎಂದು ಎಷ್ಟು ಹೇಳಿದರೂ ಮಲಗಿದವರು ಎದ್ದು ಕೂರುತ್ತಾರೆ. ನಿಮ್ಮ ಮೇಲಿನ ದೂರು, ವಿಚಾರಣೆ ಏನಾಗುತ್ತವೋ ಅವುಗಳ ಪಾಡಿಗೆ ಆಗಲಿ. ನಾನು ನ್ಯಾಯಾಧೀಶನಲ್ಲ, ಬೆನ್ನು ಹಿಡಿದು ನೋಡುವವನು.

ಇನ್ನು ವ್ಯಾಸರಾಯರು. ಹದಿನೈದನೆಯ ಶತಮಾನದಲ್ಲಿ ನಮ್ಮೂರಲ್ಲಿ ಹುಟ್ಟಿ, ವಿಜಯನಗರಕ್ಕೆ ಹೋಗಿ, ಪುರಂದರದಾಸರಿಗೂ ಕನಕದಾಸರಿಗೂ ಗುರುವಾದವರು. ಅವರ ಬಗ್ಗೆ ಒಂದು ಐತಿಹ್ಯ ಇದೆ. ಕೃಷ್ಣದೇವರಾಯನ ಸಿಂಹಾಸನಕ್ಕೆ ಕುಹಯೋಗ ಬಂತಂತೆ. ಆ ಗಳಿಗೆಯಲ್ಲಿ ಕೂತವನಿಗೆ ಸಾವು. ರಾಜ ಬಂದು ಗುರುಗಳ ಕಾಲು ಹಿಡಿದ. ಇವರು ಹೋಗಿ ಕೂತರು. ಗಂಡಾಂತರ ಹಾವಿನ ರೂಪದಲ್ಲಿ ಬಂದಾಗ ಮೈಮೇಲಿನ ಕಾವಿ ತೆಗೆದು ಅದರ ಮೇಲೆ ಎಸೆದರು. ಬಟ್ಟೆ ಸುಟ್ಟು ಬೂದಿಯಾಯಿತು. ಗಳಿಗೆ ಕಳೆಯಿತು. ಎದ್ದರು, ರಾಜನಿಗೆ ಕುರ್ಚಿ ತೋರಿಸಿ ಮಠಕ್ಕೆ ನಡೆದರು. ಹೆಸರಿನ ತುದಿಗೆ ‘ರಾಯ’ ಅಂಟಿದ್ದು ಹೀಗೆ ಎನ್ನುತ್ತಾರೆ. ಚರಿತ್ರೆಕಾರರು ಒಪ್ಪಲಿ, ಬಿಡಲಿ, ನಮ್ಮೂರವರಿಗೆ ಕತೆಯಲ್ಲಿ ಹಾವಿಗಿಂತ ಅವರು ಎದ್ದ ಜಾಗ ಇಷ್ಟ. ಒಂದು ಸಾಮ್ರಾಜ್ಯದ ಗಾದಿಯ ಮೇಲೆ ಕೂತು, ಇನ್ನರ್ಧ ಗಂಟೆ ಇರುತ್ತೇನೆ, ಬೈಲಾದಲ್ಲಿ ಅವಕಾಶ ಇದೆ ಎನ್ನದೆ ಎದ್ದ ಮನುಷ್ಯ ಬನ್ನೂರಿನವರು.

ಈಗ ಪರಿಷತ್ತಿಗೂ ಕುಹಯೋಗ ಹಿಡಿದಿದೆ. ಕುರ್ಚಿಯ ಮೇಲೆ ಕೂತಿರುವುದು ಸರ್ಕಾರ ಕಳಿಸಿದ ಆಡಳಿತಾಧಿಕಾರಿ. ನಿಮ್ಮ ವಿರೋಧಿಗಳಲ್ಲಿ ಕೆಲವರು ಖುಷಿಯಾಗಿದ್ದಾರೆ. ನಾನಿಲ್ಲ. ಯಾಕೆಂದರೆ ಅಧಿಕಾರಿಗಳಿಗೆ ವ್ಯಾಸರಾಯರ ಗುಣ ಇರುವುದು ಅಪರೂಪ. ಇದನ್ನು ಪುರಸಭೆ ಇರುವ ಊರಿನವರಾದ ನಮ್ಮನ್ನು ಕೇಳಿ. ರಾಜ್ಯದ ನಗರಸಭೆ, ಪುರಸಭೆಗಳಲ್ಲಿ 2018, 19ರಲ್ಲಿ ಗೆದ್ದ ಸದಸ್ಯರು ಮೀಸಲಾತಿ ಪಟ್ಟಿಯ ತಕರಾರಿನಲ್ಲಿ ಅಧ್ಯಕ್ಷರ ಮುಖ ನೋಡಲು 2020ರ ಕೊನೆಯ ತನಕ ಕಾದರು. ಮೊದಲ ಮೂವತ್ತು ತಿಂಗಳು 2023ರಲ್ಲಿ ಮುಗಿದರೆ ಎರಡನೆಯ ಅವಧಿಯ ಮೀಸಲಾತಿ ಬಂದದ್ದು 2024ರ ಆಗಸ್ಟ್‌ನಲ್ಲಿ. ನಡುವೆಲ್ಲ ಆಡಳಿತಾಧಿಕಾರಿಗಳದೇ ಆಳ್ವಿಕೆ. ತವರಿಗೆ ಬಂದ ಹೊಸ ಮದುವೆಯ ಮಗಳಾದರೂ ಆಷಾಢ ಮುಗಿದ ಮೇಲೆ ಹೊರಡುತ್ತಾಳೆ. ಆಡಳಿತಾಧಿಕಾರಿಗೆ ಆಷಾಢವೂ ಇಲ್ಲ, ಶ್ರಾವಣವೂ ಇಲ್ಲ.

ನನ್ನ ನಿಜವಾದ ದೂರು ಇದು, ಅಧ್ಯಕ್ಷರೇ. ನಿಮ್ಮ ಜನಪ್ರಿಯತೆ ಇಳಿದದ್ದು ನಿಮ್ಮ ನಷ್ಟ, ಅದನ್ನು ನೀವು ತಡೆದುಕೊಳ್ಳುತ್ತೀರಿ. ಆದರೆ ನೂರಹತ್ತು ವರ್ಷದಿಂದ ಸರ್ಕಾರದ ದುಡ್ಡು ತೆಗೆದುಕೊಂಡೂ ಸರ್ಕಾರದ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಹಕ್ಕು ಉಳಿಸಿಕೊಂಡಿದ್ದ ಮನೆ ಅದು. ಸ್ವಾಯತ್ತತೆ ಎನ್ನುವುದು ಅಧ್ಯಕ್ಷರ ಕಾರಿನ ಫಲಕವಲ್ಲ, ಆ ಮನೆಯ ಬಾಗಿಲ ಅಗಳಿ. ನೀವು ಒಳಗೆ ಸದಸ್ಯರ ಜೊತೆ ಜಗಳಕ್ಕೆ ನಿಂತಿರಿ. ಅಗಳಿ ಹಾಕಲು ಯಾರೂ ಬಿಡುವಾಗಿರಲಿಲ್ಲ. ಸರ್ಕಾರ ಬಾಗಿಲು ತಟ್ಟಲೂ ಇಲ್ಲ, ತಳ್ಳಿತು, ತೆರೆಯಿತು.

ನಿಮ್ಮ ಐದು ವರ್ಷ ಲೆಕ್ಕದ ಪ್ರಕಾರ 2026ರ ನವೆಂಬರ್‌ಗೆ ತುಂಬುತ್ತದೆ. ಬನ್ನೂರಿಗೊಮ್ಮೆ ಬನ್ನಿ. ಸಚಿವ ದರ್ಜೆಯ ಊಟ ಹಾಕುತ್ತೇವೆ. ನಿಮಗೆ ಸೊಪ್ಪಿನ ಸಾರು, ನಮಗೆ ಬಾಡು, ಎಲೆ ಮಾತ್ರ ಒಂದೇ ಸಾಲಿನಲ್ಲಿ. ಉಂಡಾದ ಮೇಲೆ ಸಂತೆಗೆ ಹೋಗೋಣ. ಹೊತ್ತು ಇಳಿಯುವಾಗ ವ್ಯಾಪಾರ ಮುಗಿಸಿದ ರೈತರು ಊರ ಕಡೆ ಹೊರಟಿರುತ್ತಾರೆ. ಅವರ ಹೆಗಲು ಗಮನಿಸಿ. ನಾವೂ 2021ರಲ್ಲಿ ನಿಮಗೆ ಮತ ಕೊಟ್ಟು ಹಾಗೆಯೇ ಮನೆಗೆ ಬಂದವರು.

ಹಗ್ಗ ಇನ್ನೂ ನಮ್ಮ ಹತ್ತಿರವೇ ಇದೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಆಜೀವ ಸದಸ್ಯ

ಅಡಕ: ಹರಿದ ಎರಡು ಲಕೋಟೆ
ಪ್ರತಿ: ಆಡಳಿತಾಧಿಕಾರಿಗಳಿಗೆ, ಓದಿ ಮುಗಿಸಿ ಎದ್ದು ಹೋಗುವ ಸಲುವಾಗಿ