ಆರಡಿ ಆಪ್ತಮಿತ್ರ

ಆರಡಿ ಆಪ್ತಮಿತ್ರ ಎಂದರೆ ಸಾಂಕ್ರಾಮಿಕದ ಕಾಲದಲ್ಲಿ ಪ್ರಾಣಸ್ನೇಹಿತನನ್ನು ಬಿಟ್ಟು ಪ್ರಾಣದ ಜೊತೆ ಮಾತ್ರ ಸ್ನೇಹ ಉಳಿಸಿಕೊಂಡ ಗೃಹಸ್ಥ. 2020ರ ಮಾರ್ಚ್‌ನಿಂದ 2022ರ ಆರಂಭದವರೆಗೆ ಈತ ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಕಾಣಿಸಿಕೊಂಡ. ಬೆಂಗಳೂರಿನ ಬಸವನಗುಡಿ, ಜಯನಗರ, ಮೈಸೂರಿನ ಕುವೆಂಪುನಗರ, ಹುಬ್ಬಳ್ಳಿಯ ವಿದ್ಯಾನಗರದಂಥ ಬಡಾವಣೆಗಳಲ್ಲಿ, ಅಂದರೆ ಮನೆಯೊಳಗೇ ಕೂತು ಸಂಬಳವನ್ನೋ ಪಿಂಚಣಿಯನ್ನೋ ಎಣಿಸಬಲ್ಲವರು ಇರುವೆಡೆ, ಈತನ ಸಂತತಿ ದಟ್ಟ. ತರಕಾರಿ ಗಾಡಿ ತಳ್ಳುವವರಲ್ಲಿ, ಪೌರಕಾರ್ಮಿಕರಲ್ಲಿ, ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಗಳಲ್ಲಿ ಅಪರೂಪ. ಆರಡಿ ದೂರ ಕಾಪಾಡಿಕೊಳ್ಳಬೇಕಾದರೆ ಮೊದಲು ಆರಡಿ ಜಾಗ ಇರಬೇಕಷ್ಟೆ.

ವಯಸ್ಸು ಸಾಮಾನ್ಯವಾಗಿ ನಲವತ್ತೈದರ ಮೇಲೆ. ಬಿ.ಪಿ., ಶುಗರ್ ಎರಡರಲ್ಲಿ ಒಂದು ಖಾಯಂ. ಸ್ವಭಾವದಲ್ಲಿ ಕೆಟ್ಟವನೇನಲ್ಲ. 2020ರ ಫೆಬ್ರವರಿವರೆಗೆ ಗೆಳೆಯನ ಮನೆಗೆ ಬೆಲ್ ಒತ್ತದೆ ನುಗ್ಗಿ, ನೇರ ಅಡುಗೆಮನೆಗೆ ಹೋಗಿ, ಡಬ್ಬಿ ತೆಗೆದು ಕೋಡುಬಳೆ ಬಾಯಿಗೆ ಹಾಕಿಕೊಳ್ಳುತ್ತಿದ್ದವನು ಇವನೇ. ಚೀನಾದ ವುಹಾನ್‌ನಲ್ಲಿ ಜನ ಸಾಯುತ್ತಿದ್ದಾರೆಂಬ ಸುದ್ದಿಗೂ, ಜನವರಿ 30ರಂದು ಕೇರಳದಲ್ಲಿ ದೇಶದ ಮೊದಲ ಪ್ರಕರಣ ಪತ್ತೆಯಾದ ಸುದ್ದಿಗೂ ಆತನ ಬಳಿ ಇದ್ದದ್ದು ಒಂದೇ ಮಾತು: ‘ಚೈನಾ ಮಾಲು ಕಣಯ್ಯ, ಬಾಳಿಕೆ ಬರಲ್ಲ.’

ಮಾರ್ಚ್ ಎರಡನೇ ವಾರದಲ್ಲಿ ಬೆಂಗಳೂರಿನಲ್ಲಿ ರಾಜ್ಯದ ಮೊದಲ ಪ್ರಕರಣ ಪತ್ತೆಯಾಯಿತು. ಅದೇ ವಾರ ಕಲಬುರಗಿಯ ವೃದ್ಧರೊಬ್ಬರ ಸಾವು ಕೊರೊನಾದಿಂದಲೇ ಎಂದು ದೃಢಪಟ್ಟು, ಅದು ದೇಶದ ಮೊದಲ ಕೋವಿಡ್ ಸಾವು ಎನಿಸಿತು. ಮಾಲು ಬಾಳಿಕೆ ಬರುವ ಜಾತಿಯದೇ ಎಂದು ಅಂದು ಗೊತ್ತಾಯಿತು. ಮಾರ್ಚ್ 22ರ ಜನತಾ ಕರ್ಫ್ಯೂ ಸಂಜೆ ಐದಕ್ಕೆ ಈತ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದ. ಎದುರು ಮನೆಯ ಗೆಳೆಯನೂ ಬಡಿದ. ಇಬ್ಬರೂ ಕೈ ಬೀಸಿದರು. ಮುಂದಿನ ಹಲವು ತಿಂಗಳಲ್ಲಿ ಅವರ ನಡುವೆ ನಡೆದ ಅತ್ಯಂತ ಆತ್ಮೀಯ ಭೇಟಿ ಅದು. ಎರಡು ದಿನದ ನಂತರ ರಾತ್ರಿ ಎಂಟಕ್ಕೆ ಇಪ್ಪತ್ತೊಂದು ದಿನಗಳ ಲಾಕ್‌ಡೌನ್ ಘೋಷಣೆಯಾಯಿತು. ಉಳಿದವರ ಪಾಲಿಗೆ ಅದು ನಿರ್ಬಂಧ, ಈತನ ಪಾಲಿಗೆ ಸರ್ಕಾರಿ ಮೊಹರಿನ ನೆಪ.

ಈ ಜಾತಿಗೆ ಪೂರ್ವಜರಿದ್ದಾರೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಜನ ಮನೆಗೆ ಬೀಗ ಜಡಿದು ಓಡಿದ್ದರು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೇಗ ಬೇಗ ಬೆಳೆದದ್ದೂ ಆ ಪ್ಲೇಗಿನ ಒತ್ತಡದಿಂದಲೇ. ಹಾಗಾಗಿ ಆರಡಿ ಆಪ್ತಮಿತ್ರನ ಸೈಟಿನ ಪಾಯದಲ್ಲೇ ಸ್ವಲ್ಪ ಭಯ ಬೆರೆತಿದೆ ಎನ್ನಬಹುದು. ಆದರೂ ಅಜ್ಜನಿಗೂ ಮೊಮ್ಮಗನಿಗೂ ವ್ಯತ್ಯಾಸವಿದೆ. ಇಲಿ ಬಿದ್ದ ಸುದ್ದಿ ಬಂದರೆ ಹಳ್ಳಿಗೆ ಹಳ್ಳಿಯೇ ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಊರು ಬಿಟ್ಟರೂ ಪಕ್ಕದ ಗುಡಿಸಲಲ್ಲಿ ಪಕ್ಕದ ಮನೆಯವನೇ ಇರುತ್ತಿದ್ದ. ಭಯವನ್ನೂ ಹಂಚಿಕೊಂಡು ತಿನ್ನುತ್ತಿದ್ದರು. ಕೊರೊನಾದಲ್ಲಿ ಓಡಿಹೋಗಲು ಇದ್ದ ಜಾಗ ಸ್ವಂತ ಮನೆಯ ಒಳಕೋಣೆ ಮಾತ್ರ. ಅಲ್ಲಿಗೆ ಗೆಳೆಯರನ್ನು ಕರೆದುಕೊಂಡು ಹೋಗುವ ಕ್ರಮವಿಲ್ಲ.

ಈತನ ಭಯ ಪೂರ್ತಿ ಅವಿವೇಕದ್ದೂ ಅಲ್ಲ. ಈ ವೈರಾಣು ದೇಹದೊಳಗೆ ಸೇರಿ ಲಕ್ಷಣ ತೋರಲು ಎರಡರಿಂದ ಹದಿನಾಲ್ಕು ದಿನ ಹಿಡಿಯಬಹುದು. ಕೆಮ್ಮು ಜ್ವರ ಕಾಣಿಸುವುದಕ್ಕೆ ಒಂದೆರಡು ದಿನ ಮೊದಲೇ ಸೋಂಕಿತ ಇನ್ನೊಬ್ಬರಿಗೆ ಅಂಟಿಸಬಲ್ಲ. ಮಲಗಿದವನಿಗೆ ಮಾತ್ರ ಹೆದರಿದರೆ ಸಾಕಾಗಿದ್ದ ಕಾಲ ಹೋಗಿ, ನಗುನಗುತ್ತಾ ಗೇಟಿನ ಬಳಿ ನಿಂತವನಿಗೂ ಹೆದರಬೇಕಾಯಿತು. ಗೆಳೆಯ ಗಟ್ಟಿಮುಟ್ಟಾಗಿರುವುದೇ ಅನುಮಾನಕ್ಕೆ ಕಾರಣವಾಗುವಂಥ ರೋಗ ಇದು. ‘ಹೇಗಿದ್ದೀಯ?’ ಎಂಬ ಪ್ರಶ್ನೆಯ ಜಾಗಕ್ಕೆ ‘ಎಲ್ಲಿಗೆ ಹೋಗಿದ್ದೆ?’ ಬಂತು.

ಸಂಜೆಯ ಆರೋಗ್ಯ ಇಲಾಖೆಯ ಬುಲೆಟಿನ್ ಈತನ ಪಾರಾಯಣ ಗ್ರಂಥ. ಆರಂಭದ ತಿಂಗಳುಗಳಲ್ಲಿ ಅದರಲ್ಲಿ ರೋಗಿಗಳಿಗೆ ಹೆಸರಿನ ಬದಲು ಪಿ-1, ಪಿ-2 ಎಂದು ಸಂಖ್ಯೆ ಕೊಡುತ್ತಿದ್ದರು. ಯಾರಿಗೆ ಯಾರಿಂದ ಬಂತು ಎಂಬುದೂ ಇರುತ್ತಿತ್ತು. ಮೂವತ್ತು ವರ್ಷದ ಒಡನಾಟಕ್ಕೆ ಇಲಾಖೆ ಇಟ್ಟ ಹೆಸರು ‘ಪ್ರಾಥಮಿಕ ಸಂಪರ್ಕ’. ಸ್ನೇಹದ ಬಗ್ಗೆ ಈತನಿಗಿದ್ದ ಅತಿ ದೊಡ್ಡ ಆತಂಕ ಆ ಪಟ್ಟಿಯಲ್ಲಿ ಗೆಳೆಯನ ಬಾಲವಾಗಿ ತಾನೂ ಸೇರಿಬಿಡುವುದು. ವಿದೇಶದಿಂದ ಬಂದವರ ಕೈಗೆ ಕ್ವಾರಂಟೈನ್ ಮುದ್ರೆ ಒತ್ತುತ್ತಿದ್ದ ದಿನಗಳಲ್ಲಿ ಈತ ಎದುರಿಗೆ ಸಿಕ್ಕವರ ಮುಖ ನೋಡುವ ಮೊದಲು ಮುಂಗೈ ನೋಡುತ್ತಿದ್ದ.

ಫೋನು ಮಾತ್ರ ಸುರಕ್ಷಿತವಾಗಿತ್ತು. ಆಗ ಯಾರಿಗೆ ಕರೆ ಮಾಡಿದರೂ ಮೊದಲು ಕೇಳಿಸುತ್ತಿದ್ದುದು ನಮ್ಮ ಹೋರಾಟ ರೋಗದ ವಿರುದ್ಧ, ರೋಗಿಯ ವಿರುದ್ಧ ಅಲ್ಲ ಎಂಬ ಉಪದೇಶ. ಅದನ್ನು ಪೂರ್ತಿ ಕೇಳಿಸಿಕೊಂಡ ಗೆಳೆಯ, ಆ ಕಡೆಯಿಂದ ‘ಯಾಕೋ ದನಿ ಒಂಥರಾ ಇದೆಯಲ್ಲ? ಶೀತಾನಾ? ಸರಿ, ಆಮೇಲೆ ಮಾಡ್ತೀನಿ’ ಎಂಬುದನ್ನೂ ಕೇಳಿಸಿಕೊಳ್ಳಬೇಕಿತ್ತು. ಸರ್ಕಾರ 2020ರ ಏಪ್ರಿಲ್‌ನಲ್ಲಿ 14410 ಸಂಖ್ಯೆಯ ಸಹಾಯವಾಣಿ ತೆರೆದು ಅದಕ್ಕೆ ‘ಆಪ್ತಮಿತ್ರ’ ಎಂದೇ ಹೆಸರಿಟ್ಟಿತು. ನಿಜವಾದ ಆಪ್ತಮಿತ್ರರ ಫೋನುಗಳು ಎಂಗೇಜ್ ಆಗಿದ್ದ ಕಾಲಕ್ಕೆ ಅದು ತಕ್ಕ ಏರ್ಪಾಡು.

ಆರಡಿ ಆಪ್ತಮಿತ್ರನನ್ನು ಗುರುತಿಸಲು ಮಾಸ್ಕು ನೋಡಬೇಕಿಲ್ಲ, ಮಾತು ಕೇಳಿದರೆ ಸಾಕು. ‘ನನಗೇನಿಲ್ಲಪ್ಪ, ಮನೇಲಿ ಅಮ್ಮ ಇದ್ದಾರಲ್ಲ’ ಎಂಬುದು ಮೊದಲನೆಯ ವಾಕ್ಯ. ಅದಕ್ಕೂ ಮುಂಚೆ ಅಮ್ಮನ ಆರೋಗ್ಯದ ಬಗ್ಗೆ ಆತ ಇಷ್ಟು ಕಾಳಜಿ ತೋರಿದ್ದನ್ನು ಅಮ್ಮನೂ ಕಂಡಿಲ್ಲ. ‘ನಮ್ಮ ಅಪಾರ್ಟ್‌ಮೆಂಟಲ್ಲಿ ಹೊರಗಿನವರನ್ನ ಬಿಡಲ್ಲ’ ಎಂಬುದು ಎರಡನೆಯದು. ಆ ನಿಯಮ ಬರೆದ ಅಸೋಸಿಯೇಷನ್ನಿನ ಕಾರ್ಯದರ್ಶಿ ಅನೇಕ ಸಲ ಈತನೇ. ‘ಎಲ್ಲಾ ಮುಗೀಲಿ, ಆರಾಮಾಗಿ ಕೂರೋಣ’ ಮೂರನೆಯದು. ಇಷ್ಟೆಲ್ಲ ಹೇಳುವವನ ಬಾಯಲ್ಲಿ ಬಾರದ ಒಂದೇ ವಾಕ್ಯ ‘ನನಗೆ ಭಯ ಆಗ್ತಿದೆ ಕಣೋ’ ಎಂಬುದು. ಮುಂದಿನ ಜಗಳಗಳೆಲ್ಲ ಹುಟ್ಟಿದ್ದು ಆ ಬಾರದ ವಾಕ್ಯದಿಂದ.

ಮುನ್ನೆಚ್ಚರಿಕೆಯಲ್ಲಿ ಈತ ಶ್ರಮಜೀವಿ. ಹಾಲಿನ ಪ್ಯಾಕೆಟ್ಟಿಗೆ ಸೋಪಿನ ಸ್ನಾನ, ಹುರುಳಿಕಾಯಿಗೆ ಉಪ್ಪು ಅರಿಶಿನದ ಅಭ್ಯಂಜನ, ನೋಟಿಗೆ ಇಸ್ತ್ರಿ, ದಿನಪತ್ರಿಕೆಗೆ ರಜೆ. ಅಮೃತಬಳ್ಳಿ, ಮೆಣಸು, ಶುಂಠಿಯ ಕಷಾಯ ಮೂರು ಹೊತ್ತು. ಮುಟ್ಟಿದ ವಸ್ತುವಿನಿಂದ ಸೋಂಕು ತಗಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳುವ ಹೊತ್ತಿಗೆ ಒಂದು ವರ್ಷದ ಹುರುಳಿಕಾಯಿ ಮಿಂದಾಗಿತ್ತು. ರೋಗ ಮುಖ್ಯವಾಗಿ ಹರಡುವುದು ಉಸಿರಿನಿಂದ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಹತ್ತಿರ ಕೂತು ಮಾತಾಡುವವರ ನಡುವೆ. ಒಂದೇ ಸೂರಿನ ಕೆಳಗಿರುವವರಲ್ಲಂತೂ ಇನ್ನೂ ಸುಲಭ. ಆದರೆ ಆರಡಿ ಆಪ್ತಮಿತ್ರನ ಶಾಸ್ತ್ರದಲ್ಲಿ ವೈರಾಣು ರಕ್ತಸಂಬಂಧಕ್ಕೆ ಮರ್ಯಾದೆ ಕೊಡುತ್ತದೆ. ಗೆಳೆಯ ಗೇಟಿನಾಚೆ ನಿಂತೇ ಮಾತಾಡಿ ಹೋಗಬೇಕು. ಷಡ್ಡಕ ಬಂದರೆ ಸೋಫಾ.

ಈ ಭೇದ ಬಯಲಾಗುತ್ತಿದ್ದುದು ವಾಟ್ಸಾಪ್ ಸ್ಟೇಟಸ್ಸಿನಲ್ಲಿ. 2020ರ ಆಗಸ್ಟ್ 22ರ ಗಣೇಶನ ಹಬ್ಬಕ್ಕೆ ‘ಈ ಸಲ ಯಾರನ್ನೂ ಕರೀತಿಲ್ಲ, ತಪ್ಪು ತಿಳ್ಕೋಬೇಡ’ ಎಂದಿದ್ದವನ ಸ್ಟೇಟಸ್ಸಿನಲ್ಲಿ ಅದೇ ಸಂಜೆ ಅತ್ತಿಗೆ, ನಾದಿನಿ, ಬೀಗರು, ಬೀಗರ ಬೀಗರು ಸಾಲಾಗಿ ಕೂತು ಕಡುಬು ತಿನ್ನುವ ಚಿತ್ರ ಬರುತ್ತಿತ್ತು. ಒಬ್ಬರಿಗೂ ಮಾಸ್ಕಿಲ್ಲ. ಅದನ್ನು ನೋಡಿದ ಗೆಳೆಯ ಏನೂ ಬರೆಯುತ್ತಿರಲಿಲ್ಲ. ನೋಡಿದವರ ಪಟ್ಟಿಯಲ್ಲಿ ಅವನ ಹೆಸರಿರುತ್ತಿತ್ತು, ಅಷ್ಟೆ. ಮದುವೆ ಆಮಂತ್ರಣದ್ದೂ ಇದೇ ಕಥೆ. ಐವತ್ತು ಜನರ ಮಿತಿ ಬಂದಾಗ ಪಟ್ಟಿಯಿಂದ ಮೊದಲು ಬಿದ್ದ ಹೆಸರುಗಳು ಸ್ನೇಹಿತರವು. ‘ನೀನು ನಮ್ಮವನು, ಅರ್ಥ ಮಾಡ್ಕೋತೀಯ’ ಎಂಬ ಮಾತಿನ ಜೊತೆ ಜೂಮ್ ಲಿಂಕ್ ಬರುತ್ತಿತ್ತು. ನಮ್ಮವರಾಗಿ ಅರ್ಥ ಮಾಡಿಕೊಂಡವರಿಗೆ ಮನೆಯ ಉಪ್ಪಿಟ್ಟು, ಅರ್ಥ ಮಾಡಿಕೊಳ್ಳದೆ ಸಿಟ್ಟಾದ ನೆಂಟರಿಗೆ ಹೋಳಿಗೆ ಊಟ.

ಹೆಂಗಸರಲ್ಲೂ ಈ ಬಗೆ ಉಂಟು. ವರಮಹಾಲಕ್ಷ್ಮಿ ಹಬ್ಬದಲ್ಲಿ ಅರಿಶಿನ ಕುಂಕುಮಕ್ಕೆ ಕರೆಯದೆ ಕುಂಕುಮದ ಬಟ್ಟಲಿನ ಫೋಟೊ ಕಳಿಸಿದವರು, ಸಂಕ್ರಾಂತಿಯಲ್ಲಿ ಎಳ್ಳಿನ ಪೊಟ್ಟಣವನ್ನು ಗೇಟಿಗೆ ಸಿಕ್ಕಿಸಿ ಬೆಲ್ ಒತ್ತಿ ಓಡಿದವರು ಈ ವರ್ಗಕ್ಕೆ ಸೇರುತ್ತಾರೆ. ಎಳ್ಳು ತಿಂದು ಒಳ್ಳೆಯ ಮಾತಾಡು ಎನ್ನುವುದು ಸಂಪ್ರದಾಯ. ಪೊಟ್ಟಣ ಮೂರು ದಿನ ಬಿಸಿಲಲ್ಲಿ ಒಣಗುತ್ತಿದ್ದುದರಿಂದ ಒಳ್ಳೆಯ ಮಾತೂ ಅಷ್ಟು ತಡವಾಗುತ್ತಿತ್ತು.

ಗಂಡಸರ ಪಾಲಿಗೆ ದೊಡ್ಡ ನಷ್ಟ ಬೈಟು ಕಾಫಿಯದು. ಬೆಂಗಳೂರಿನ ದರ್ಶಿನಿಗಳ ಮುಂದೆ ನಿಂತು ಒಂದು ಕಾಫಿಯನ್ನು ಎರಡು ಲೋಟಕ್ಕೆ ಬಗ್ಗಿಸಿ ಕುಡಿಯುವ ಈ ಪದ್ಧತಿಯಲ್ಲಿ ಉಳಿಯುವುದು ಹಣ, ಬೆಳೆಯುವುದು ಹರಟೆ. ಹೋಟೆಲುಗಳು ಮತ್ತೆ ತೆರೆದ ಮೇಲೆ ಆರಡಿ ಆಪ್ತಮಿತ್ರ ಮನೆಯಿಂದ ಸ್ಟೀಲ್ ಲೋಟ ತಂದು, ಪೂರ್ತಿ ಕಾಫಿ ಕೊಂಡು, ಬೇರೆ ಮೂಲೆಯಲ್ಲಿ ನಿಂತು ಕುಡಿದ. ಮೊದಲ ಬಾರಿಗೆ ಪೂರಾ ಬಿಲ್ಲು ಕೊಟ್ಟ ದುಃಖ ಮಾಸ್ಕಿನೊಳಗೇ ಉಳಿಯಿತು.

ಈತನಿಗೆ ತದ್ವಿರುದ್ಧವಾಗಿ ಕಾಣುವವನು ‘ಏನಾಗಲ್ಲ ಬಿಡಯ್ಯ’ ಗೆಳೆಯ. ಮಾಸ್ಕು ಗಲ್ಲದ ಮೇಲೆ, ಕೈ ಇನ್ನೊಬ್ಬರ ಹೆಗಲ ಮೇಲೆ. ನೋಡುವುದಕ್ಕೆ ಧೈರ್ಯವಂತ. ವಾಸ್ತವದಲ್ಲಿ ಅವನೂ ಅಂಜುಬುರುಕನೇ. ಆರಡಿಯವನು ರೋಗಕ್ಕೆ ಹೆದರಿದರೆ ಇವನು ರೋಗಿ ಎನಿಸಿಕೊಳ್ಳುವುದಕ್ಕೆ ಹೆದರಿದ. ಅದಕ್ಕೂ ಕಾರಣವಿತ್ತು. ಆಗ ಪಾಸಿಟಿವ್ ಬಂದವರ ಬಾಗಿಲಿಗೆ ನೋಟಿಸು ಅಂಟುತ್ತಿತ್ತು, ರಸ್ತೆಗೆ ಬ್ಯಾರಿಕೇಡು ಬೀಳುತ್ತಿತ್ತು. 2020ರ ಜುಲೈನಲ್ಲಿ ಬೆಂಗಳೂರಿನ ಒಂದು ಕಟ್ಟಡದಲ್ಲಿ ಎರಡು ಮನೆಗಳ ಬಾಗಿಲಿಗೆ ತಗಡಿನ ಶೀಟನ್ನೇ ಜಡಿದು, ಆಮೇಲೆ ಪಾಲಿಕೆಯ ಆಯುಕ್ತರು ಕ್ಷಮೆ ಕೇಳಬೇಕಾಯಿತು. ಇಂಥದ್ದನ್ನು ಕಂಡವನು ರುಚಿ ವಾಸನೆ ಹೋದರೂ ಟೆಸ್ಟ್ ಮಾಡಿಸದೆ ‘ಸ್ವಲ್ಪ ಗ್ಯಾಸ್ಟ್ರಿಕ್’ ಎಂದು ಓಡಾಡಿದ. ಗೆಳೆಯರು ದೂರವಾಗುತ್ತಾರೆಂದು ಮುಚ್ಚಿಟ್ಟ. ಮುಚ್ಚಿಟ್ಟದ್ದು ಗೊತ್ತಾದಾಗ ಗೆಳೆಯರು ದೂರವಾದರು. ಆರಡಿಯವನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿರಲಿಲ್ಲ. ‘ನಾನು ಅವತ್ತೇ ಹೇಳಲಿಲ್ವಾ?’ ಎಂದು ಊರಿಗೆಲ್ಲ ಫೋನು ಮಾಡಿದ, ಹೇಳಬೇಕಾದ ಗೆಳೆಯನೊಬ್ಬನನ್ನು ಬಿಟ್ಟು.

ಗೆಳೆಯನಿಗೆ ಸೋಂಕು ಖಚಿತವಾದರೆ ಆರಡಿ ಆಪ್ತಮಿತ್ರನ ಮೊದಲ ಕೆಲಸ ಕ್ಯಾಲೆಂಡರ್ ತೆಗೆಯುವುದು. ಕೊನೆಯ ಭೇಟಿ ಯಾವಾಗ, ಹದಿನಾಲ್ಕು ದಿನ ಕಳೆಯಿತೇ ಎಂದು ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟ ಮೇಲೆ ಎರಡನೆಯ ಕೆಲಸ: ಕೈಮುಗಿದ ಎಮೋಜಿ, ಗುಲಾಬಿ ಹೂವಿನ ಜಿಫ್, ಕಷಾಯದ ಫಾರ್ವರ್ಡ್. ಗುಣವಾದವನು ತಾನಾಗಿ ಫೋನು ಮಾಡಿದರೆ ಸಂತೋಷದಿಂದ ಮಾತಾಡಿ, ಕೊನೆಗೆ ‘ನೆಗೆಟಿವ್ ರಿಪೋರ್ಟು ಇದ್ದರೆ ಹಂಗೇ ಕಳಿಸು, ಸುಮ್ನೆ ನೋಡಕ್ಕೆ’ ಎನ್ನುತ್ತಿದ್ದ. ಸಾಲವಾಗಿ ಕೊಟ್ಟಿದ್ದ ಆಕ್ಸಿಮೀಟರ್ ವಾಪಸು ಬಂದಾಗ ಅದನ್ನು ಸ್ಯಾನಿಟೈಸರಿನಲ್ಲಿ ಮುಳುಗಿಸಿ ಕೆಡಿಸಿದ ತಪ್ಪನ್ನೂ ಗೆಳೆಯನ ತಲೆಗೇ ಕಟ್ಟಿದ.

ಇಲ್ಲಿಗೇ ಚಿತ್ರ ಮುಗಿಸಿದರೆ ಆತನಿಗೆ ಅನ್ಯಾಯವಾಗುತ್ತದೆ. 2021ರ ಏಪ್ರಿಲ್–ಮೇ ತಿಂಗಳ ಎರಡನೇ ಅಲೆಯಲ್ಲಿ ಡೆಲ್ಟಾ ತಳಿ ಬೆಂಗಳೂರನ್ನು ಹಿಂಡಿದಾಗ ಆಸ್ಪತ್ರೆಯಲ್ಲಿ ಹಾಸಿಗೆ ಸಿಗಬೇಕಾದರೆ ಸೋಂಕಿತರಿಗೆ ಕೊಡುತ್ತಿದ್ದ ಬಿ.ಯು. ನಂಬರ್ ಬೇಕಿತ್ತು, ಬಿ.ಯು. ನಂಬರ್ ಸಿಗಬೇಕಾದರೆ ಅದೃಷ್ಟ ಬೇಕಿತ್ತು. ಆಮ್ಲಜನಕದ ಸಿಲಿಂಡರು, ರೆಮ್ಡಿಸಿವಿರ್ ಇಂಜೆಕ್ಷನ್ನು ಹುಡುಕಿ ಜನ ರಾತ್ರಿಯಿಡೀ ಅಲೆದರು. ಆಗ ಕೋವಿಡ್ ವಾರ್ ರೂಮಿಗೆ, ಹಳೆಯ ಸಹೋದ್ಯೋಗಿಗೆ, ಡಾಕ್ಟರಾದ ಸೋದರಳಿಯನಿಗೆ, ಯಾವುದೋ ಕಾಲದಲ್ಲಿ ಪರಿಚಯವಾಗಿದ್ದ ಕಾರ್ಪೊರೇಟರಿಗೆ ಬೆಳಗಿನ ಜಾವದವರೆಗೆ ಫೋನು ಹಚ್ಚಿ, ಗೆಳೆಯನ ಹೆಂಡತಿಗೆ ‘ಹೆದರಬೇಡಿ, ಒಂದು ಬೆಡ್ ಆಗಿದೆ’ ಎಂದು ಹೇಳಿದವರಲ್ಲಿ ಎಷ್ಟೋ ಮಂದಿ ಇದೇ ಆರಡಿ ಆಪ್ತಮಿತ್ರರು. ಗೇಟು ತೆರೆಯಲು ಆಗದ ಕೈಗೆ ಡಯಲ್ ಮಾಡಲು ಆಗುತ್ತಿತ್ತು. ಭಯ ಇದ್ದದ್ದು ಮೈಯಲ್ಲಿ, ಪ್ರೀತಿಗೆ ಅದು ತಗಲಿರಲಿಲ್ಲ. ಆದರೆ ಗುಣವಾಗಿ ಮನೆಗೆ ಬಂದ ಗೆಳೆಯನನ್ನು ನೋಡಲು ಹೋದನೇ ಎಂದರೆ, ಇಲ್ಲ. ಬಾಗಿಲಲ್ಲಿ ಎಳನೀರು ಇಟ್ಟು ಬಂದ.

ಲಸಿಕೆ ಬಂದದ್ದರಿಂದ ದೂರ ಕಡಿಮೆಯಾಗಬೇಕಿತ್ತು. ‘ಎರಡನೇ ಡೋಸ್ ಆಗಲಿ, ಸಿಗೋಣ’ ಎಂದು ಈತ ಮಾತು ಕೊಟ್ಟ. ಆ ಮೇ ತಿಂಗಳಲ್ಲಿ ಸರ್ಕಾರ ಕೋವಿಶೀಲ್ಡ್‌ನ ಎರಡು ಡೋಸುಗಳ ಅಂತರವನ್ನು ಹನ್ನೆರಡರಿಂದ ಹದಿನಾರು ವಾರಕ್ಕೆ ಏರಿಸಿ ಆತನ ಮಾತಿನ ವಾಯಿದೆಯನ್ನೂ ವಿಸ್ತರಿಸಿತು. ಎರಡನೇ ಡೋಸ್ ಆದ ಮೇಲೆ ‘ಎರಡು ವಾರ ಕಳೀಲಿ, ಆ್ಯಂಟಿಬಾಡಿ ಬರ್ಬೇಕು’ ಎಂದ. ಅದೂ ಬಂತು. ಡಿಸೆಂಬರ್ 2ರಂದು ದೇಶದ ಮೊದಲ ಒಮೈಕ್ರಾನ್ ಪ್ರಕರಣಗಳು ಕರ್ನಾಟಕದಲ್ಲೇ ಪತ್ತೆಯಾದವು. ಮತ್ತೆ ಗೇಟು ಮುಚ್ಚಿತು. ಜನವರಿಯಲ್ಲಿ ಹಿರಿಯರಿಗೆ ಮುನ್ನೆಚ್ಚರಿಕೆ ಡೋಸ್ ಆರಂಭವಾಯಿತು. ಅದರ ಹೆಸರೇ ಆತನಿಗೆ ಇಷ್ಟವಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಸ್ನೇಹದ ತುರ್ತುಸ್ಥಿತಿ ಮುಗಿಸಲು ಅಂಥ ಸಂಸ್ಥೆ ಇಲ್ಲದ್ದರಿಂದ ಅದು ಅಲ್ಲಲ್ಲಿ ಇನ್ನೂ ಜಾರಿಯಲ್ಲಿದೆ. ಬಹುಪಾಲು ಆರಡಿ ಆಪ್ತಮಿತ್ರರು ಲಾಲ್‌ಬಾಗಿನ ವಾಕಿಂಗಿಗೆ ಮರಳಿದ್ದಾರೆ. ಹಳೆಯ ಗೆಳೆಯರೂ ಜೊತೆಯಲ್ಲಿ ನಡೆಯುತ್ತಾರೆ. ಮೊಣಕಾಲು, ಮೊಮ್ಮಕ್ಕಳು, ಮೆಟ್ರೊ ಎಲ್ಲದರ ಮಾತೂ ಬರುತ್ತದೆ, ಆ ಎರಡು ವರ್ಷಗಳನ್ನು ಬಿಟ್ಟು. ಕೆಲವರು ಮರಳಲೇ ಇಲ್ಲ. ದೂರ ನಿಂತಿದ್ದಕ್ಕೆ ಮುರಿದ ಸ್ನೇಹ ಕಡಿಮೆ. ಅಮ್ಮನ ಹೆಸರು ಹೇಳಿ ದೂರ ನಿಂತು, ಷಡ್ಡಕನಿಗೆ ಸೋಫಾ ಹಾಕಿದ್ದಕ್ಕೆ ಮುರಿದದ್ದು ಹೆಚ್ಚು. ಹೆದರಿಕೆಯನ್ನು ಕ್ಷಮಿಸಲು ಗೆಳೆಯರು ಸಿದ್ಧರಿದ್ದರು. ನೆಪವನ್ನು ಕ್ಷಮಿಸುವುದು ಅವರಿಗೆ ಕಷ್ಟವಾಯಿತು.

ಪ್ಲೇಗಿಗೂ ಕೊರೊನಾಕ್ಕೂ ನಡುವೆ ಬೇರೆ ರೋಗಗಳು ಬಂದುಹೋದಂತೆ ಇನ್ನು ಮುಂದೆಯೂ ಬರುತ್ತವೆ. ಅವು ಬಂದಾಗ ಮಾಸ್ಕು ಹಾಕಿ, ಕಿಟಕಿ ತೆರೆಯಿರಿ, ಬೇಕಿದ್ದರೆ ಹನ್ನೆರಡಡಿ ದೂರ ನಿಲ್ಲಿ. ಗೆಳೆಯನಿಗೆ ಮಾತ್ರ ‘ನನಗೆ ಭಯ ಆಗ್ತಿದೆ ಕಣೋ’ ಎಂದು ಮೊದಲ ದಿನವೇ ಹೇಳಿಬಿಡಿ. ಆ ಮಾತಿಗೆ ಲಸಿಕೆ ಬೇಕಿಲ್ಲ, ಅಂತರವೂ ಬೇಕಿಲ್ಲ. ಅವನೂ ಹೆಚ್ಚುಕಡಿಮೆ ಅದನ್ನೇ ಹೇಳಲು ಕಾಯುತ್ತಿರುತ್ತಾನೆ.